ಗಾಜಿಗೆ ಅಂಟಿದ ಮಗಳ ಫೋಟೊ ಉಳಿಸಿಕೊಂಡ ಬಗೆ

ಮೂರು ವರ್ಷದ ಮಗಳು ಬಿಳಿ ಕಾಲರಿನ ಫ್ರಾಕು ತೊಟ್ಟು, ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿ ನಿಂತ ಫೋಟೊ. 4×6 ಇಂಚಿನ ಬಣ್ಣದ ಪ್ರಿಂಟು, ನೆಗೆಟಿವ್ ಇಲ್ಲ. ಫ್ರೇಮ್ ಬಿಚ್ಚಿದಾಗ ಅರ್ಧಭಾಗ ಗಾಜಿಗೆ ಕಚ್ಚಿಕೊಂಡಿತ್ತು.

ಫೋಟೊದ ಮೇಲ್ಪದರ ಜೆಲಟಿನ್. ತೇವ ಹೀರಿ ಮೆತ್ತಗಾದಾಗ ಅದು ಗಾಜಿಗೆ ಅಂಟುತ್ತದೆ. ಎಳೆದರೆ ಕಾಗದ ಕೈಗೆ ಬರುತ್ತದೆ, ಮುಖ ಗಾಜಿನಲ್ಲೇ ಉಳಿಯುತ್ತದೆ. ಹಾಗಾಗಿ ಬಿಡಿಸುವ ಗೋಜಿಗೇ ಹೋಗಲಿಲ್ಲ. ಗಾಜಿನ ಹೊರಮೈಯನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಬೋರಲಿಟ್ಟೆ. ತೆಳ್ಳನೆಯ ಸಿಐಎಸ್ ಸ್ಕ್ಯಾನರಿನಲ್ಲಿ ಚಿತ್ರ ಮಸುಕಾಗಿ ಬಂತು. ತನ್ನ ಗಾಜಿಗೆ ತಾಗಿದ್ದನ್ನಷ್ಟೇ ಅದು ಸ್ಪಷ್ಟವಾಗಿ ಹಿಡಿಯುತ್ತದೆ. ಮಸೂರವಿರುವ, ತುಸು ದೂರದ್ದನ್ನೂ ಸ್ಪಷ್ಟವಾಗಿ ಹಿಡಿಯುವ ಸಿಸಿಡಿ ಸ್ಕ್ಯಾನರಿನಲ್ಲಿ ಸರಿಹೋಯಿತು.

600 ಡಿಪಿಐ (ಇಂಚಿಗೆ 600 ಚುಕ್ಕೆ) ಇಟ್ಟೆ, ಅಂದರೆ 2400×3600 ಪಿಕ್ಸೆಲ್. ಪ್ರಿಂಟಿನಲ್ಲಿ ಅದಕ್ಕಿಂತ ಹೆಚ್ಚಿನ ವಿವರ ಇರುವುದು ಅಪರೂಪ. 1200ಕ್ಕೆ ಏರಿಸಿದರೆ ಫೈಲು ನಾಲ್ಕು ಪಟ್ಟು ಹಿಗ್ಗುತ್ತದೆ ಅಷ್ಟೆ. ತಾನಾಗಿ ಧೂಳು ತೆಗೆಯುವ, ಹರಿತಗೊಳಿಸುವ ಆಯ್ಕೆಗಳನ್ನು ಆಫ್ ಮಾಡಿ, ವಿವರ ಕಳೆಯದಂತೆ ಟಿಫ್ ಫೈಲಾಗಿ ಉಳಿಸಿದೆ. ಆ ಫೈಲನ್ನು ಮತ್ತೆ ಮುಟ್ಟಿಲ್ಲ, ತಿದ್ದಿದ್ದೆಲ್ಲ ಅದರ ನಕಲಿನಲ್ಲಿ.

ಚಿತ್ರ ಕೆಂಪಗಾಗಿತ್ತು, ಸಯಾನ್ (ಹಸಿರುಮಿಶ್ರಿತ ನೀಲಿ) ಬಣ್ಣ ಮಾಸಿದ್ದರ ಗುರುತು. ಫೋಟೊ ತಿದ್ದುವ ತಂತ್ರಾಂಶದಲ್ಲಿ ಕೆಂಪು, ಹಸಿರು, ನೀಲಿ ಚಾನೆಲ್‌ಗಳ ಲೆವೆಲ್ಸನ್ನು (ಕಪ್ಪು-ಬಿಳುಪಿನ ಮಟ್ಟಗಳನ್ನು) ಬೇರೆಬೇರೆಯಾಗಿ ಹೊಂದಿಸಿ, ಕಾಲರ್ ಬಿಳಿಯಾಗುವವರೆಗೆ ತಂದೆ. ಕೆನ್ನೆಯ ಕೆಂಪು ಪೂರ್ತಿ ಹೋಗುವ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮಗು ಜ್ವರದಿಂದ ಎದ್ದಂತೆ ಕಾಣುತ್ತದೆ. ಗೀರುಗಳನ್ನು ಗೋಡೆ, ನೆಲದ ಮೇಲಷ್ಟೇ ಅಳಿಸಿದೆ. ಮುಖವನ್ನು ತಾನಾಗಿ ಸ್ಪಷ್ಟಗೊಳಿಸುವ ತಂತ್ರಾಂಶಗಳನ್ನು ಮಾತ್ರ ದಯವಿಟ್ಟು ಬಳಸಬೇಡಿ. ಇಲ್ಲದ ವಿವರವನ್ನು ಅವು ಊಹಿಸಿ ಬರೆಯುತ್ತವೆ. ರೆಪ್ಪೆ, ಹಲ್ಲು ಎಲ್ಲ ಚೊಕ್ಕವಾಗಿರುತ್ತದೆ, ಆದರೆ ಅದು ಬೇರೆ ಯಾವುದೋ ಮಗು. ನನಗೆ ಆ ಮಸುಕೇ ಬೇಕು.

ಹಿಂಬದಿಯನ್ನೂ ಸ್ಕ್ಯಾನ್ ಮಾಡಿದೆ. ಅಲ್ಲಿ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದ ತಾರೀಕು ಮುಂದೆ ಅವಳ ಹಣೆಯ ಮೇಲೆ ಸಣ್ಣಗೆ ಉಬ್ಬಿದೆ. ಪ್ಲಾಸ್ಟಿಕ್ ಲೇಪದ ಈ ಕಾಗದದ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಹೊಸದಾಗಿ ಪೆನ್ನಿನಿಂದ ಒತ್ತುವುದಂತೂ ಬೇಡವೇ ಬೇಡ.

ಗೋಡೆಗೆ ಹಾಕಿರುವುದು ಹೊಸ ಪ್ರಿಂಟು, ಗಾಜಿಗೂ ಅದಕ್ಕೂ ನಡುವೆ ದಪ್ಪ ರಟ್ಟಿನ ಅಂಚು. ಮೂಲ ಫೋಟೊ ಗಾಜಿನ ಸಮೇತ ಆಮ್ಲರಹಿತ ಕಾಗದದಲ್ಲಿ ಸುತ್ತಿಕೊಂಡು, ಡಬ್ಬಿಯಲ್ಲಿ ಅಂಗಾತ ಮಲಗಿದೆ. ಡಬ್ಬಿ ಇರುವುದು ಬಿಸಿಲು, ತೇವ ತಾಗದ ಒಳಗೋಡೆಯ ಬೀರುವಿನಲ್ಲಿ. ಯಾರು ತೆಗೆದದ್ದು, ಇನ್ನೊಂದು ಚಪ್ಪಲಿ ಎಲ್ಲಿತ್ತು ಎಂಬುದನ್ನು ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಜೊತೆಗಿಟ್ಟಿದ್ದೇನೆ.