ಬೈಂಡಿಂಗ್ ವೈರ್ ಕೋರ್‌ನಲ್ಲಿ ಮ್ಯಾಗ್ನೆಮೈಟ್ ತೇಲಿಸಿದ್ದು: ನನ್ನ ಅನುಭವ

ಮ್ಯಾಗ್ನೆಮೈಟ್ ಕೊನೆಗೂ ತೇಲಿತು. ಪೋಕೆಮಾನ್ ವಿಡಿಯೊ ಆಟಗಳ ಒಂದು ಜೀವಿ ಅದು, ನಾನು ಮಾಡಿದ್ದು ಅದರ ಗೊಂಬೆ. ಬಸವನಗುಡಿಯ ನಮ್ಮ ಮನೆ ಹಾಲ್‌ನಲ್ಲಿ, ಮರದ ಶೆಲ್ಫಿನ ಹಲಗೆಯ ಕೆಳಗೆ ನಿಂತಿದೆ. ದಾರ ಇಲ್ಲ, ಕಡ್ಡಿ ಇಲ್ಲ, ಕೆಳಗೆ ಪೀಠವೂ ಇಲ್ಲ. ಹಲಗೆಗೂ ಅದರ ತಲೆ ಮೇಲಿನ ಸ್ಕ್ರೂಗೂ ನಡುವೆ ಒಂದೂವರೆ ಸೆಂಟಿಮೀಟರ್ ಬರೀ ಗಾಳಿ, ಬೆರಳು ಆಡಿಸಬಹುದು. ಮೇಲಿನಿಂದ ಹಿಡಿದಿರುವುದು ಕಬ್ಬಿಣದ ಕೋರ್‌ಗೆ ತಂತಿ ಸುತ್ತಿದ ಒಂದು ಕಾಯಿಲ್, ಅಂದರೆ ವಿದ್ಯುತ್ಕಾಂತ. ಇಡೀ ಸಾಧನ ತೆಗೆದುಕೊಳ್ಳುವ ಕರೆಂಟ್ 12 ವೋಲ್ಟ್‌ನಲ್ಲಿ 70 ಮಿಲಿಆಂಪ್ ಆಸುಪಾಸು. ರಾತ್ರಿಯೆಲ್ಲ ಬಿಟ್ಟರೂ ಕಾಯಿಲ್ ತಣ್ಣಗಿರುತ್ತದೆ.

ಇದು ಆಗುವುದಿಲ್ಲ ಎಂದವರೇ ಜಾಸ್ತಿ. ಒಬ್ಬ ಗೆಳೆಯ, "ಮಗಾ, ಮೂರು ಸಾವಿರ ಕೊಟ್ಟರೆ ತೇಲಿಸೋ ರೆಡಿ ಮಾಡ್ಯೂಲ್ ಮನೆಗೇ ಬರುತ್ತೆ, ಸುಮ್ನೆ ಯಾಕೆ ಒದ್ದಾಡ್ತೀಯ" ಎಂದ. ಇನ್ನೊಬ್ಬ ಮೋಟರ್ ಕಂಟ್ರೋಲ್‌ನಲ್ಲೇ ಕೆಲಸ ಮಾಡುವವನು. ಕಟ್ಟಡದಲ್ಲಿ ಕಂಬಿ ಬಿಗಿಯುವ ಬೈಂಡಿಂಗ್ ವೈರನ್ನು ಕೋರ್ ಮಾಡುತ್ತೇನೆ ಎಂದಾಗ ಅವನು ತಲೆ ಅಲ್ಲಾಡಿಸಿಬಿಟ್ಟ. ಕೊನೆಗೆ ಕೈ ಹಿಡಿದದ್ದು ಅದೇ ತಂತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಾಲ್ ಸೆನ್ಸರ್ (ಕಾಂತಕ್ಷೇತ್ರ ಅಳೆಯುವ ಪುಟ್ಟ ಚಿಪ್), ಪಿಡಿ ಲೂಪ್ (ಗೊಂಬೆ ಎಷ್ಟು, ಎಷ್ಟು ವೇಗವಾಗಿ ತಪ್ಪಿತು ಎಂದು ನೋಡಿ ಕರೆಂಟ್ ತಿದ್ದುವ ಕೋಡ್), ಪಿಡಬ್ಲ್ಯೂಎಂ (ಕರೆಂಟನ್ನು ಬೇಗಬೇಗ ಆನ್-ಆಫ್ ಮಾಡಿ ಹೆಚ್ಚುಕಡಿಮೆ ಮಾಡುವುದು), ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ಹೋಗುತ್ತೇನೆ.

ರೆಡಿ ಮಾಡ್ಯೂಲ್ ಯಾಕೆ ಬೇಡ ಎಂದರೆ, ಅದು ಕೆಳಗಿನಿಂದ ತಳ್ಳುವಂಥದ್ದು. ಅಡಿಯಲ್ಲಿ ಒಂದು ದಪ್ಪ ತಟ್ಟೆ ಇರಲೇಬೇಕು. ಮ್ಯಾಗ್ನೆಮೈಟ್ ಅಡಿಯಲ್ಲಿ ತಟ್ಟೆ ಇಟ್ಟರೆ ಅದು ಶೋಕೇಸ್ ಗೊಂಬೆ ಆಗುತ್ತದೆ ಅಷ್ಟೇ. 1996ರ ಮೊದಲ ಪೋಕೆಮಾನ್ ಆಟಗಳಲ್ಲಿ, ಆ ಪವರ್ ಪ್ಲಾಂಟ್ ಒಳಗೆ ಸಿಗುತ್ತಿತ್ತಲ್ಲ, ಅವತ್ತಿನಿಂದ ಇವತ್ತಿನವರೆಗೆ ಅದು ಗಾಳಿಯಲ್ಲೇ ಇದೆ. ಒಂದು ಉಕ್ಕಿನ ಗುಂಡು, ಒಂದು ಕಣ್ಣು, ಮೂರು ಸ್ಕ್ರೂ, ಎರಡು ಕಡೆ ಲಾಳದ ಮ್ಯಾಗ್ನೆಟ್. ಇಷ್ಟೇ ಸಾಮಾನಿನಲ್ಲಿ ಇಷ್ಟು ಚೆನ್ನಾಗಿ ಮಾಡಿದ ಜೀವಿ ಆ ಸರಣಿಯಲ್ಲಿ ಇನ್ನೊಂದಿಲ್ಲ ಎನ್ನುವುದು ನನ್ನ ಮಾತು. ಅದರ ಅಡಿ ಖಾಲಿ ಇರಬೇಕು. ಹಾಗಾಗಿ ಮೇಲಿನಿಂದಲೇ ಎಳೆಯಬೇಕು.

ಅಳತೆ ಹೀಗೆ. ಆಟದ ಪ್ರಕಾರ ಎತ್ತರ 0.3 ಮೀಟರ್, ತೂಕ 6 ಕೆಜಿ. ನಾನು ಮೂರನೇ ಒಂದು ಅಳತೆಗೆ ಇಳಿಸಿದೆ. ಸ್ಕ್ರೂ ಸೇರಿ 10 ಸೆಂಟಿಮೀಟರ್, ಗುಂಡು ಮಾತ್ರ 8. ಲೆಕ್ಕದ ಪ್ರಕಾರ ತೂಕ ಇಪ್ಪತ್ತೇಳನೇ ಒಂದು ಭಾಗ ಆಗಬೇಕು, ಅಂದರೆ 220 ಗ್ರಾಂ. ನನ್ನದು 65 ಗ್ರಾಂ ಹತ್ತಿರ. ತ್ರೀಡಿ ಪ್ರಿಂಟ್ ಮಾಡಿಸಿದ ಚಿಪ್ಪಿನ ಗೋಡೆ 0.8 ಮಿಲಿಮೀಟರ್ ಮಾತ್ರ, 20 ಗ್ರಾಂ. 20 ಮಿಲಿಮೀಟರ್ ಅಗಲ, 10 ದಪ್ಪದ ನಿಯೋಡೈಮಿಯಂ ಬಿಲ್ಲೆ 24 ಗ್ರಾಂ. ಅದನ್ನು ತಲೆ ಸ್ಕ್ರೂವಿನ ಕೆಳಗೆ ಅಡಗಿಸಿದೆ. ಲಾಳಗಳು ಫೋಮ್ ಶೀಟಿನವು. ಮೇಲೆ ಅಲ್ಯುಮಿನಿಯಂ ಪೇಂಟ್. 1999ರ ಗೋಲ್ಡ್, ಸಿಲ್ವರ್ ಆಟಗಳಲ್ಲಿ ಅದಕ್ಕೆ ಉಕ್ಕಿನ ಗುಂಪು ಸಿಕ್ಕಿತು, ಅಲ್ಲಿಯವರೆಗೆ ಬರೀ ವಿದ್ಯುತ್ ಗುಂಪಿನದು. ಉಕ್ಕಿನ ಬಣ್ಣ ಬರಲೇಬೇಕಲ್ವಾ.

ಈಗ ಸೋತ ಕಥೆ. ಮೊದಲ ಕಾಯಿಲ್‌ಗೆ ಕೋರ್ ಇರಲಿಲ್ಲ. ಎಸ್‌ಜೆಪಿ ರೋಡ್ ಕಡೆ ಮೋಟರ್ ವೈಂಡಿಂಗ್ ಮಾಡುವ ಒಂದು ಅಂಗಡಿಯಲ್ಲಿ 26 ಗೇಜ್ ಎನಾಮಲ್ ತಂತಿ ಅರ್ಧ ಕೆಜಿ ಕೊಂಡೆ, ಆರುನೂರು ರೂಪಾಯಿ ಚಿಲ್ಲರೆ. ಅಂಗಡಿಯವರು "ಫ್ಯಾನಿಗಾ ಸಾರ್?" ಎಂದು ಕೇಳಿದರು. "ಇಲ್ಲಣ್ಣ, ಗೊಂಬೆ ತೇಲಿಸೋಕೆ" ಎಂದೆ. ಅವರು ನಗಲಿಲ್ಲ. ತಮ್ಮ ಸುತ್ತುವ ಯಂತ್ರದಲ್ಲೇ ಸುತ್ತಿ ಕೊಟ್ಟು ಐವತ್ತು ರೂಪಾಯಿ ತೆಗೆದುಕೊಂಡರು. ಗೊಂಬೆ ತೇಲಿತು ನಿಜ, ಆದರೆ 1.3 ಆಂಪ್ ಕುಡಿಯುತ್ತಿತ್ತು. ಹತ್ತು ನಿಮಿಷಕ್ಕೆ ವಾರ್ನಿಷ್ ವಾಸನೆ. ಕಾಯಿಲ್ ಬಿಸಿಯಾದಂತೆ ರೆಸಿಸ್ಟೆನ್ಸ್ ಏರಿ ಎಳೆತ ಕಡಿಮೆಯಾಗುತ್ತದೆ, ಅದನ್ನು ತುಂಬಲು ಲೂಪ್ ಇನ್ನೂ ಜಾಸ್ತಿ ಕೊಡುತ್ತದೆ, ಕೊನೆಗೆ ಧೊಪ್ಪೆಂದು ಬೀಳುತ್ತದೆ. ಎಡಗಡೆಯ ಲಾಳ ಎಷ್ಟು ಸಲ ಅಂಟಿಸಿದ್ದೇನೋ.

ಸೆನ್ಸರ್‌ನದು ಬೇರೆಯೇ ಗೋಳು. ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ ಕಾಂತಕ್ಷೇತ್ರ ಎಷ್ಟಿದೆ ಎಂದು ಅಳೆಯುವ 49ಇ ಸೆನ್ಸರ್ ಕೇಳಿದರೆ 3144 ಕಟ್ಟಿಕೊಟ್ಟರು. ಎರಡೂ ಮೂರು ಕಾಲಿನ ಕಪ್ಪು ಪುಟಾಣಿ, ನೋಡಲು ಒಂದೇ. ಆದರೆ 3144 ಬರೀ ಸ್ವಿಚ್. ಹೌದು ಅಥವಾ ಇಲ್ಲ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಒಂದು ವಾರಾಂತ್ಯ ಪೂರ್ತಿ ಕೋಡ್ ಜಾಲಾಡಿದ ಮೇಲೆ ಭೂತಗನ್ನಡಿ ಹಿಡಿದು ನಂಬರ್ ಓದಿದೆ. ಹೋದದ್ದು ನೂರು ರೂಪಾಯಿ, ಸಮಯ ಮಾತ್ರ ವಾಪಸ್ ಬರುವುದಿಲ್ಲ. ಅಂಗಡಿಯಲ್ಲೇ ಓದಿ ನೋಡಿ ಕೊಳ್ಳಿ.

ಆಮೇಲೆ ಕೋರ್. ಕಬ್ಬಿಣದ ಕೋರ್ ಇದ್ದರೆ ಗೊಂಬೆಯೊಳಗಿನ ಮ್ಯಾಗ್ನೆಟ್ ತಾನಾಗಿಯೇ ಅದರತ್ತ ಎಳೆಯುತ್ತದೆ. ಅಂದರೆ ತೂಕ ಹೊರುವ ಕೆಲಸ ಮ್ಯಾಗ್ನೆಟ್‌ನದು, ಕರೆಂಟ್‌ದಲ್ಲ. ಕರೆಂಟ್ ಬೇಕಿರುವುದು ಅತ್ತಿತ್ತ ತಪ್ಪಿದಾಗ ಸರಿಮಾಡಲು ಮಾತ್ರ. ನನ್ನ ಇಡೀ ವಿಧಾನ ಇಷ್ಟೇ. ಲೇತ್ ಅಂಗಡಿಯಲ್ಲಿ 20 ಮಿಲಿಮೀಟರ್ ಎಂಎಸ್ (ಮೆದು ಉಕ್ಕಿನ) ರಾಡ್ ತಿರುವಿಸಿ ಹಾಕಿದೆ, ಇನ್ನೂರು ರೂಪಾಯಿ. ಗೊಂಬೆ ಗಡಗಡ ನಡುಗಿ ಕೋರ್‌ಗೆ ಹೋಗಿ ಅಂಟಿಕೊಂಡಿತು. ಲೂಪ್‌ನ ಗೇನ್, ಅಂದರೆ ಅದು ತಿದ್ದುವ ಜೋರು, ಏರಿಸಿದರೂ ನಡುಕ, ಇಳಿಸಿದರೂ ನಡುಕ. ಗಟ್ಟಿ ಉಕ್ಕಿನೊಳಗೆ ಎಡ್ಡಿ ಕರೆಂಟ್ (ಲೋಹದೊಳಗೇ ಸುಳಿಯಂತೆ ಸುತ್ತುವ ಕರೆಂಟ್) ಹುಟ್ಟಿ ಕಾಯಿಲ್‌ನ ಫೀಲ್ಡ್ ತಡವಾಗಿ ಬದಲಾಗುತ್ತದೆ. ಲೂಪ್ ಎಷ್ಟು ಚುರುಕಾಗಿದ್ದರೂ ಕೋರ್ ಹಿಂದೆಯೇ ಉಳಿಯುತ್ತದೆ.

ನಮ್ಮ ರಸ್ತೆಯಲ್ಲೇ ಒಂದು ಮನೆ ಏಳುತ್ತಿತ್ತು. ಅಲ್ಲಿ ಕಂಬಿ ಕಟ್ಟುವವರ ಕೈಯಲ್ಲಿ ಬೈಂಡಿಂಗ್ ವೈರ್ ಸುರುಳಿ ನೋಡಿದಾಗ ಹೊಳೆಯಿತು. ಅದು ಕಾಯಿಸಿ ಮೆತ್ತಗೆ ಮಾಡಿದ ಕಬ್ಬಿಣ, ಕಾಂತತನ ಹಿಡಿದಿಟ್ಟುಕೊಳ್ಳುವುದು ಕಡಿಮೆ. ತೆಳ್ಳಗಿದೆ ಬೇರೆ, ಎಡ್ಡಿ ಕರೆಂಟ್ ಸುತ್ತಲು ಜಾಗ ಸಿಗುವುದಿಲ್ಲ. ಮೇಸ್ತ್ರಿಯನ್ನು ಕೇಳಿದೆ, ಒಂದು ಹಿಡಿ ಸುಮ್ನೆ ಕೊಟ್ಟರು. ಕೊಂಡರೂ ಕೆಜಿಗೆ ನೂರು ರೂಪಾಯಿ ಒಳಗೇ ಇತ್ತು. 5 ಸೆಂಟಿಮೀಟರ್ ತುಂಡು ಕತ್ತರಿಸಿ, ಒಂದೊಂದನ್ನೂ ನೆಟ್ಟಗೆ ಮಾಡಿ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಿ, ಪಿವಿಸಿ ಪೈಪಿನ ತುಂಡಿನೊಳಗೆ ಬಿಗಿಯಾಗಿ ತುರುಕಿದೆ. ವಾರ್ನಿಷ್ ಬಿಡಬೇಡಿ. ತಂತಿಗೆ ತಂತಿ ತಾಗಿದರೆ ಮತ್ತೆ ಗಟ್ಟಿ ರಾಡ್ ಆದಂತೆಯೇ. ನೆಟ್ಟಗೆ ಮಾಡುವುದೇ ದೊಡ್ಡ ಕೆಲಸ. ಒಂದು ತುದಿಯನ್ನು ವೈಸ್‌ಗೆ, ಇನ್ನೊಂದನ್ನು ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸಿದರೆ ಒಂದು ಮೀಟರ್ ತಂತಿ ಸೂಜಿ ಥರ ನಿಲ್ಲುತ್ತದೆ, ಆಮೇಲೆ ಕತ್ತರಿಸಿ. ಕಟ್ಟಿನ ಕೆಳತುದಿಯನ್ನು ನಾನು ಒಂದು ಆಕಾರಕ್ಕೆ ಉಜ್ಜಿದ್ದೇನೆ. ಆ ಆಕಾರ ನನ್ನಲ್ಲೇ ಇರಲಿ. ಚಪ್ಪಟೆ ಬಿಟ್ಟರೂ ತೇಲುತ್ತದೆ, ಗ್ಯಾಪ್ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೇ.

ಈ ಕೋರ್ ಹಾಕಿದ ಸಂಜೆಯೇ ಗೊಂಬೆ ನಿಂತಿತು. ಮೋಟರ್ ಕಂಟ್ರೋಲ್ ಗೆಳೆಯನಿಗೆ ವಿಡಿಯೊ ಕಳಿಸಿದೆ. ಅವನು ಮಾರನೆಯ ದಿನವೇ ವೈಟ್‌ಫೀಲ್ಡಿನಿಂದ ಬಂದು, ಹಲಗೆಯ ಮೇಲೆ ಕೆಳಗೆ ಎಲ್ಲ ತಡವಿ ನೋಡಿ, ಆಮೇಲೆ ನಂಬಿದ.

ಮಿಕ್ಕದ್ದು ಬೇಗ ಹೇಳುತ್ತೇನೆ. ಸೆನ್ಸರ್ ಎರಡು, ಕೋರ್‌ನ ಮೇಲೊಂದು ಕೆಳಗೊಂದು. ಮ್ಯಾಗ್ನೆಟ್ ದೂರ ಇಟ್ಟು ಕಾಯಿಲ್ ಮಾತ್ರ ಓಡಿಸಿ, ಎರಡರ ವ್ಯತ್ಯಾಸ ಅಲುಗಾಡದಂತೆ ಒಂದರ ಗೇನ್ ಹೊಂದಿಸಿದೆ. ಆಗ ಕಾಯಿಲ್‌ನ ಫೀಲ್ಡ್ ಅಳಿದು ಗೊಂಬೆಯದ್ದು ಮಾತ್ರ ಉಳಿಯುತ್ತದೆ. ಕರೆಂಟ್ ಎರಡೂ ದಿಕ್ಕಿಗೆ ಹರಿಯಬೇಕು, ಆದ್ದರಿಂದ ಬ್ರಿಡ್ಜ್ (ಕರೆಂಟಿನ ದಿಕ್ಕು ಬದಲಿಸುವ ಚಿಪ್) ಬೇಕು. ಎಲ್298 ಎಂಬ ಚಿಪ್ ಕಾದ ಹಂಚಾಯಿತು, ಡಿಆರ್‌ವಿ8871 ಹಾಕಿದ ಮೇಲೆ ಚಿಂತೆ ಇಲ್ಲ. ಲೂಪ್ ಓಡಿಸುವ ಆರ್ಡುಯಿನೋ ನ್ಯಾನೋ ಬೋರ್ಡಿನ ಪಿಡಬ್ಲ್ಯೂಎಂ ಹಾಗೇ ಬಿಟ್ಟರೆ 490 ಹರ್ಟ್ಸ್, ಮನೆಯವರೆಲ್ಲ ಕಿವಿ ಮುಚ್ಚಿಕೊಳ್ಳಬೇಕು. ಅದರ ಟೈಮರ್ 1ರ ಪ್ರಿಸ್ಕೇಲರ್ (ವೇಗ ಇಳಿಸುವ ಭಾಗ) ತೆಗೆದರೆ 31 ಕಿಲೋಹರ್ಟ್ಸ್, ಪೂರ್ತಿ ಮೌನ. ಲೂಪ್‌ನಲ್ಲಿ ವೇಗದ ಅಳತೆಯ ಗದ್ದಲ ಸೋಸುವ ಡೆರಿವೇಟಿವ್ ಫಿಲ್ಟರ್‌ನ ನಂಬರ್ ಕೊಡುವುದಿಲ್ಲ. ನಿಮ್ಮ ಕಾಯಿಲ್‌ಗೆ ಅದು ಹೇಗೂ ಬೇರೆ ಬರುತ್ತದೆ.

ಕೋಡಿನಲ್ಲಿ ಒಂದು ಸಾಲು ಮಾತ್ರ ಬಿಚ್ಚಿ ಹೇಳಬೇಕು. ಕಾಯಿಲ್‌ನ ಸರಾಸರಿ ಕರೆಂಟ್ ಸೊನ್ನೆಯಾಗುವವರೆಗೆ ಗೊಂಬೆ ನಿಲ್ಲುವ ಎತ್ತರವನ್ನೇ ನಿಧಾನಕ್ಕೆ ಸರಿಸುವ ಸಾಲು ಅದು. ಇದರಿಂದ ಒಂದು ಚಂದದ ವಿಷಯ ಆಗುತ್ತದೆ. ತೂಕ ಸೇರಿಸಿದರೆ ಗೊಂಬೆ ಕೆಳಗೆ ಇಳಿಯುವುದಿಲ್ಲ, ಮೇಲೇರುತ್ತದೆ! ಭಾರ ಜಾಸ್ತಿಯಾದರೆ ಕೋರ್‌ಗೆ ಹತ್ತಿರ ಹೋದಾಗ ಮಾತ್ರ ಮ್ಯಾಗ್ನೆಟ್ ತಾನೇ ಅಷ್ಟು ಹೊರಬಲ್ಲದು. ಕಡಲೆಕಾಯಿ ಪರಿಷೆಯ ಸಮಯದಲ್ಲಿ ಮನೆಗೆ ಬಂದವರಿಗೆಲ್ಲ ಇದನ್ನೇ ತೋರಿಸಿದೆ. ಕೆಳಗಿನ ಸ್ಕ್ರೂಗೆ ದಾರದಲ್ಲಿ ಕಡಲೆಕಾಯಿ ಕಟ್ಟುವುದು, ಒಂದೊಂದು ಕಟ್ಟಿದಾಗಲೂ ಗೊಂಬೆ ಕೂದಲೆಳೆಯಷ್ಟು ಮೇಲೆ. ಕೆಲವು ಕಾಯಿ ಆದ ಮೇಲೆ ಕೋರ್ ಹಿಡಿದುಬಿಡುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಪಕ್ಕದ ಮನೆ ಹುಡುಗಿ ಅಲ್ಲಿಂದ ಏಳಲೇ ಇಲ್ಲ. "ಅಂಕಲ್, ಇದು ನಮ್ಮ ಏರಿಯಾ ಕರೆಂಟ್ ಕುಡಿಯಲ್ವಾ?" ಎಂದಳು. ಪೋಕೆಡೆಕ್ಸ್, ಅಂದರೆ ಆಟದೊಳಗಿನ ಜೀವಿಗಳ ಕೋಶ, ಓದಿಕೊಂಡೇ ಬಂದಿದ್ದಳು. ಮ್ಯಾಗ್ನೆಮೈಟ್ ಕರೆಂಟ್ ತಂತಿಗೆ ಅಂಟಿ ಹೀರುತ್ತದೆ, ಮನೆಯಲ್ಲಿ ಕರೆಂಟ್ ಹೋದರೆ ಅದೇ ಕಾರಣ ಇರಬಹುದು ಎಂದು ಅದರಲ್ಲಿ ಇದೆ.

ಕರೆಂಟ್ ಹೋದರೆ ನನ್ನ ಗೊಂಬೆ ಬೀಳುತ್ತಿತ್ತು. ವೈಫೈ ರೂಟರ್‌ಗೆ ಹಾಕುವ 12 ವೋಲ್ಟ್ ಮಿನಿ ಯುಪಿಎಸ್ ಸಾವಿರದ ಮುನ್ನೂರೋ ನಾನೂರೋ ಕೊಟ್ಟು ತಂದೆ. ಬರೀ 70 ಮಿಲಿಆಂಪ್ ಆದ್ದರಿಂದ ಗಂಟೆಗಟ್ಟಲೆ ತಡೆಯುತ್ತದೆ. ಫ್ಯಾನ್ ಹಾಕಿದರೆ ಗೊಂಬೆ ತೂಗಾಡುತ್ತಿತ್ತು. ಸೆನ್ಸರ್ ಕೆಳಗೆ ದಪ್ಪ ತಾಮ್ರದ ತಗಡು ಕೂರಿಸಿದ ಮೇಲೆ ಆ ತೂಗಾಟ ಬೇಗ ನಿಲ್ಲುತ್ತಿದೆ. ಚಿಕ್ಕಪೇಟೆಯ ಪಾತ್ರೆ ಅಂಗಡಿ ಸಾಲಿನಲ್ಲಿ ತೂಕಕ್ಕೆ ಸಿಕ್ಕಿತು.

ನಡುವೆ ಒಂದೆರಡು ಅಡ್ಡದಾರಿ ಹಿಡಿದೆ. ಪೋಕೆಡೆಕ್ಸ್ ಪ್ರಕಾರ ಅದನ್ನು ತೇಲಿಸುವುದು ಎರಡು ಪಕ್ಕದ ಮ್ಯಾಗ್ನೆಟ್‌ಗಳು. ಹಾಗೇ ಮಾಡೋಣ ಎಂದು ಎರಡು ಲಾಳಕ್ಕೂ ಒಂದೊಂದು ಮ್ಯಾಗ್ನೆಟ್ ಇಟ್ಟು, ಮೇಲೆ ಎರಡು ಕಾಯಿಲ್ ಹಾಕಿದೆ. ಒಂದು ಲೂಪ್ ಸರಿಮಾಡಿದ್ದನ್ನು ಇನ್ನೊಂದು ಕೆಡಿಸುತ್ತಿತ್ತು, ಗೊಂಬೆ ಏರುಪೇರಾಗಿ ಆಡುತ್ತಿತ್ತು. ಎರಡು ಸಾವಿರ ಹತ್ತಿರ ಖರ್ಚಾಯಿತು, ಬಿಟ್ಟೆ.

ಇನ್ನೊಂದು ಪ್ರಯೋಗ ಗೆದ್ದಿತು. ಒಂದೇ ಬಿಂದುವಿನಿಂದ ತೂಗುವ ಗೊಂಬೆ ತನ್ನಷ್ಟಕ್ಕೆ ಸುತ್ತುತ್ತದೆ, ಕಣ್ಣು ಗೋಡೆ ಕಡೆ ಹೋಗಿಬಿಡುತ್ತದೆ. ಹೊಟ್ಟೆಯೊಳಗೆ, ತಳದ ಹತ್ತಿರ, ಎರಡು ಪುಟ್ಟ ಮ್ಯಾಗ್ನೆಟ್ ಅಡ್ಡಲಾಗಿ ಅಂಟಿಸಿದೆ. ದಿಕ್ಸೂಚಿ ಸಿದ್ಧ. ಶೆಲ್ಫ್ ದಕ್ಷಿಣದ ಗೋಡೆಗಿದೆ, ಉತ್ತರ ನೋಡಿದರೆ ಸೋಫಾ ಮೇಲೆ ಕೂತ ನಮ್ಮನ್ನೇ ನೋಡಿದಂತೆ. ಎಷ್ಟು ತಿರುಗಿಸಿ ಬಿಟ್ಟರೂ ನಿಧಾನಕ್ಕೆ ವಾಪಸ್ ಬಂದು ನೋಡುತ್ತದೆ. ಇದು ಅಸಲಿಗೆ ನೋಸ್‌ಪಾಸ್ ಎಂಬ ಇನ್ನೊಂದು ಪೋಕೆಮಾನ್‌ನ ಗುಣ, ಅದರ ಮೂಗು ಯಾವಾಗಲೂ ಉತ್ತರಕ್ಕೆ. 2006ರ ಡೈಮಂಡ್, ಪರ್ಲ್ ಆಟಗಳಲ್ಲಿ ನೋಸ್‌ಪಾಸ್ ಮತ್ತು ಮ್ಯಾಗ್ನೆಟಾನ್ (ಮೂರು ಮ್ಯಾಗ್ನೆಮೈಟ್ ಸೇರಿದಂತಿರುವ ಅದರ ಮುಂದಿನ ರೂಪ) ಎರಡೂ ಕೊರೊನೆಟ್ ಬೆಟ್ಟದ ಕಾಂತಕ್ಷೇತ್ರದಲ್ಲೇ ಬೆಳೆದು ಮುಂದಿನ ರೂಪಕ್ಕೆ ಹೋಗುತ್ತವೆ, ಹಾಗಾಗಿ ಗುಣ ಎರವಲು ತಂದದ್ದು ತಪ್ಪೇನಲ್ಲ. ಗಾಡ್ರೆಜ್ ಬೀರು ಹತ್ತಿರ ಇಡಬೇಡಿ, ಕಣ್ಣು ಬೀರು ಕಡೆ ಎಳೆಯುತ್ತದೆ. ಕಣ್ಣಿನ ಎಲ್‌ಇಡಿಗೆ ವೈರ್‌ಲೆಸ್ ಆಗಿ ಕರೆಂಟ್ ಕೊಡಲು ನೋಡಿದೆ, ಸೆನ್ಸರ್ ಎಲ್ಲ ಕಕ್ಕಾಬಿಕ್ಕಿ. 3 ಗ್ರಾಂನ ಬಟನ್ ಸೆಲ್ ಸಾಕು.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಸೋತದ್ದೆಲ್ಲ ಸೇರಿ ಒಂಬತ್ತು ಸಾವಿರ ದಾಟಿದೆ. ಇವತ್ತು ಇನ್ನೊಂದು ಮಾಡಿದರೆ ಯುಪಿಎಸ್ ಬಿಟ್ಟು ಎರಡು ಸಾವಿರದ ಇನ್ನೂರರಲ್ಲಿ ಮುಗಿಸುತ್ತೇನೆ. ರೆಡಿ ಮಾಡ್ಯೂಲ್‌ಗಿಂತ ಅಗ್ಗ.

ಈಗ ಮ್ಯಾಗ್ನೆಟಾನ್ ಹಿಡಿದಿದ್ದೇನೆ. ಮೂರು ಮ್ಯಾಗ್ನೆಮೈಟ್ ಸೇರಿದರೆ 18 ಕೆಜಿ ಆಗಬೇಕು, ಆಟದಲ್ಲಿ ಅದು 60 ಕೆಜಿ. ನನಗೂ ತೂಕವೇ ತೊಡಕು. ಮೂರಕ್ಕೂ ಬೇರೆ ಬೇರೆ ಕಾಯಿಲ್ ಕೊಟ್ಟರೆ ಪಕ್ಕಪಕ್ಕದ ಮ್ಯಾಗ್ನೆಟ್‌ಗಳು ಒಂದನ್ನೊಂದು ಹೊರಗೆ ದೂಡುತ್ತವೆ. ಮೂರು ಚಿಪ್ಪನ್ನೂ ಜೋಡಿಸಿ ನಡುವೆ ಒಂದೇ ಮ್ಯಾಗ್ನೆಟ್ ಇಟ್ಟರೆ ಗ್ಯಾಪ್ ಅರ್ಧ ಸೆಂಟಿಮೀಟರ್‌ಗೆ ಇಳಿಯುತ್ತದೆ, ಬೆರಳು ಹೋಗುವುದಿಲ್ಲ. 30 ಮಿಲಿಮೀಟರ್ ಬಿಲ್ಲೆಗೂ ಅಷ್ಟೇ ಅಗಲದ ಕೋರ್‌ಗೂ ಹೋಗಬೇಕು. ಬೈಂಡಿಂಗ್ ವೈರ್ ಎರಡು ಕೆಜಿ ತಂದಿಟ್ಟಿದ್ದೇನೆ. ನೆಟ್ಟಗೆ ಮಾಡುವ ಕೆಲಸ ನಡೆಯುತ್ತಿದೆ.