ಮನೆಯಲ್ಲಿ ಇಂಟರ್‌ನೆಟ್ ಏಕಿಲ್ಲ: ಸಮೀಕ್ಷೆಯಲ್ಲಿ ಕಾರಣ ಕೇಳಿ ತಿಳಿಯುವ ಬಗೆ

ಮನೆಗಳಲ್ಲಿ ಇಂಟರ್‌ನೆಟ್ ಏಕಿಲ್ಲವೆಂದು ಕೇಳಲು ಹೊರಟವರು ಮೊದಲು ‘ಇಲ್ಲ’ ಎಂಬ ಉತ್ತರವನ್ನೇ ಪರೀಕ್ಷಿಸಬೇಕು. ಇಂಟರ್‌ನೆಟ್ ಎಂದರೆ ಗೋಡೆ ಕೊರೆದು ಒಳಗೆ ಬರುವ ಕೇಬಲ್ ಎಂದೇ ತಿಳಿದವರು, ದಿನವೂ ಮೊಬೈಲ್ ಡೇಟಾ ಬಳಸುತ್ತಿದ್ದರೂ ತಮ್ಮಲ್ಲಿ ಇಲ್ಲವೆನ್ನುತ್ತಾರೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಕೇಳಿ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆಯಂತೆ, ಮನೆಯ ಎಲ್ಲರಿಗೂ ಯಾವಾಗ ಬೇಕಾದರೂ ದೊರೆಯುವಂತಿದ್ದರೆ ಮಾತ್ರ ಅದು ಮನೆಯ ಸಂಪರ್ಕ. ಒಬ್ಬರ ಜೇಬಿನಲ್ಲಿ ಬೆಳಿಗ್ಗೆ ಹೊರಟು ರಾತ್ರಿ ಮರಳುವ ಫೋನು ಈ ಲೆಕ್ಕಕ್ಕೆ ಬರುವುದಿಲ್ಲ.

ಮುಂದೆ, ಸೇವೆ ಆ ಮನೆಯವರೆಗೆ ಬರುತ್ತದೆಯೇ ಎಂದು ನೋಡಿ. ಸೇವೆ ಎಲ್ಲೆಲ್ಲಿದೆ ಎಂದು ತೋರಿಸುವ ನಕ್ಷೆಯನ್ನಷ್ಟೇ ನಂಬಬೇಡಿ. ಬೀದಿಯಲ್ಲಿ ಫೈಬರ್ ಹಾದುಹೋಗಿದ್ದರೂ ಕಟ್ಟಡದ ಮಾಲೀಕರು ಒಪ್ಪದಿದ್ದರೆ ಬಾಡಿಗೆದಾರರಿಗೆ ಅದರಿಂದ ಪ್ರಯೋಜನವಿಲ್ಲ. ಹಳೆಯ ತಾಮ್ರದ ತಂತಿಯಾದರೆ ಟೆಲಿಫೋನ್ ಎಕ್ಸ್‌ಚೇಂಜ್ ದೂರವಾದಷ್ಟೂ ವೇಗ ಕುಸಿಯುತ್ತದೆ.

ಆದರೂ ಹೆಚ್ಚಿನ ಉತ್ತರಗಳು ಸೇವೆಯ ಕೊರತೆಯತ್ತ ಬೆರಳು ತೋರುವುದಿಲ್ಲ. ಅದೇ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನ ಸುಮಾರು 260 ಕೋಟಿ ಜನರು ಇಂಟರ್‌ನೆಟ್ ಬಳಸುತ್ತಿರಲಿಲ್ಲ. ಮೊಬೈಲ್ ಬ್ರಾಡ್‌ಬ್ಯಾಂಡ್ ಸಿಗ್ನಲ್ ತಲುಪದವರು ಜನಸಂಖ್ಯೆಯ ಶೇ. 4ರಷ್ಟು ಮಾತ್ರ. ಸಿಗ್ನಲ್ ಇದ್ದೂ ಬಳಸದವರನ್ನು ಕೇಳಿದರೆ ‘ನಮಗೆ ಬೇಡ’ ಎನ್ನುವವರು ಬಹಳ. ಈ ಮಾತನ್ನು ಹಾಗೆಯೇ ಬರೆದುಕೊಂಡು ಮುಂದಿನ ಮನೆಗೆ ಹೋಗುವುದೇ ಇಂಥ ಸಮೀಕ್ಷೆಗಳ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ, ಏಕೆಂದರೆ ಕೈಯಲ್ಲಿ ಹಣವಿಲ್ಲ ಎನ್ನುವುದಕ್ಕಿಂತ ಬೇಡ ಎನ್ನುವುದು ಸುಲಭ. ಶುಲ್ಕ ಅರ್ಧವಾದರೆ ಹಾಕಿಸಿಕೊಳ್ಳುವಿರಾ, ಯಾರಾದರೂ ಬಳಸಲು ಕಲಿಸಿಕೊಟ್ಟರೆ ಹೇಗೆ, ಹಿಂದೆ ಸಂಪರ್ಕವಿದ್ದು ಕಡಿತವಾಯಿತೇ ಎಂದು ಮೆಲ್ಲಗೆ ವಿಚಾರಿಸಿ. ಕೊನೆಯ ಪ್ರಶ್ನೆಗೆ ಹಳೆಯ ಬಾಕಿಯ ಸಂಗತಿ ಹೊರಬರಬಹುದು. ವಂಚನೆಯ ಭಯ, ಮಕ್ಕಳು ಏನು ನೋಡುವರೋ ಎಂಬ ಆತಂಕ ಕೂಡ ಇದೇ ‘ಬೇಡ’ದೊಳಗೆ ಅಡಗಿರುತ್ತವೆ.

ವೆಚ್ಚವೇ ಕಾರಣವೆಂದವರಲ್ಲಿ ಯಾವ ವೆಚ್ಚವೆಂದು ಕೇಳಿ: ತಿಂಗಳ ಶುಲ್ಕವೋ, ಠೇವಣಿಯೋ, ರೂಟರೋ, ಇಲ್ಲವೇ ಕಂಪ್ಯೂಟರೋ. ಪ್ರಾಥಮಿಕ ಬ್ರಾಡ್‌ಬ್ಯಾಂಡ್‌ನ ಬೆಲೆ 2025ರ ಹೊತ್ತಿಗೆ ತಲಾ ರಾಷ್ಟ್ರೀಯ ವರಮಾನದ ಶೇ. 2ಕ್ಕಿಂತ ಕಡಿಮೆಯಿರಬೇಕೆಂದು ವಿಶ್ವಸಂಸ್ಥೆಯ ಬ್ರಾಡ್‌ಬ್ಯಾಂಡ್ ಆಯೋಗ ಇಟ್ಟುಕೊಂಡಿದ್ದ ಗುರಿಯು ಸರಾಸರಿಯನ್ನು ಆಧರಿಸಿತ್ತು. ಅದಕ್ಕಿಂತ ಬಹಳ ಕಡಿಮೆ ಗಳಿಸುವ ಮನೆಗೆ ಅದೇ ಬೆಲೆ ಭಾರವಾಗುತ್ತದೆ.

ಒಂದಕ್ಕಿಂತ ಹೆಚ್ಚು ಕಾರಣ ಹೇಳಲು ಅವಕಾಶ ಕೊಟ್ಟು, ಬಳಿಕ ಮುಖ್ಯವಾದುದನ್ನು ಗುರುತಿಸಿಕೊಳ್ಳಿ. ಸಾಧ್ಯವಿದ್ದಲ್ಲಿ ಮನೆಯ ಹಿರಿಯರೊಬ್ಬರನ್ನೇ ಅಲ್ಲದೆ ಓದುವ ಮಕ್ಕಳನ್ನೂ ಕೇಳಿ. ಹಿರಿಯರು ಬೇಡವೆಂದ ಮನೆಯಲ್ಲೇ ಮಕ್ಕಳ ಉತ್ತರ ಬೇರೆಯಾಗಿರಬಹುದು.