ಕಷ್ಟದ ಪಾಠವನ್ನು ಬಿಡಿಸಿ ಓದಿಸುವುದು

ಕಾರವಾರದ ನಮ್ಮ ಹೈಸ್ಕೂಲಿನಲ್ಲಿ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಓದಿಸುವಾಗ ನಾನು ಒಂದೇ ಪ್ಯಾರಾ ಆರಿಸಿಕೊಳ್ಳುತ್ತೇನೆ. ಇಡೀ ಪಾಠ ಹಿಡಿದರೆ ಅವಸರ ಆಗುತ್ತದೆ.

ಮೊದಲು ನೀವೇ ಗಟ್ಟಿಯಾಗಿ ಓದಿ, ಅರ್ಥ ಹೇಳಬೇಡಿ. ಆಮೇಲೆ ಮಕ್ಕಳು ಪ್ರತಿ ಕ್ರಿಯಾಪದಕ್ಕೆ ಪೆನ್ಸಿಲ್‌ನಿಂದ ಗೆರೆ ಎಳೆದು, ಪಕ್ಕದಲ್ಲಿ ‘ಯಾರು?’ ಅಂತ ಬರೆಯಲಿ. ‘ಉಪ್ಪು ತಯಾರಿಸಿದರು’ ಅಂದರೆ ಊರಿನ ಜನ. ‘ಬಂಧಿಸಲಾಯಿತು’ ಬಂದಾಗ ಪೆನ್ಸಿಲ್ ನಿಲ್ಲುತ್ತದೆ. ಯಾರು ಬಂಧಿಸಿದ್ದು? ಬರೆದವರು ಯಾಕೆ ಹೇಳಿಲ್ಲ? ಇಲ್ಲೇ ಜಾಸ್ತಿ ಹೊತ್ತು ಕೂರಿ. ‘ಬ್ರಿಟಿಷರು, ಸರ್’ ಅಂದರೆ ಸುಮ್ನೆ ಒಪ್ಪಬೇಡಿ. ‘ಯಾವ ಸಾಲಲ್ಲಿದೆ, ತೋರಿಸು’ ಅನ್ನಿ. ಊಹೆ ಮಾಡುವುದು ತಪ್ಪಲ್ಲ, ಆದರೆ ಅದಕ್ಕೆ ಆಧಾರ ಬೇಕು ಅಲ್ವಾ?

ಕಷ್ಟದ ಪದಗಳನ್ನು ಕೊನೆಗೆ ನೋಡಿ. ಮನೆಗೆಲಸಕ್ಕೆ ಅದೇ ಪ್ಯಾರಾ, ಮಾಡಿದವರ ಹೆಸರು ಸೇರಿಸಿ ಬರೆಯಲಿ.